ಬೀರೇಶ್ವರ ಓಣಿಯನ್ನು ಎಬ್ಬಿಸಿರಿ

ಅಧ್ಯಕ್ಷರಾದ ದತ್ತಾತ್ರೇಯ ಮಾಸ್ತರರೇ, ಟವರ್ ಕಂಪನಿಯ ಹರ್ಷದಾ ಮೇಡಂ ಅವರೇ, ಊಟದ ವಾಸನೆ ಬರುತ್ತಿದ್ದರೂ ಎದ್ದು ಹೋಗದ ಹುನ್ನೂರಿನ ಸಭಿಕರೇ,

ಸೌಹಾರ್ದ ಸಭೆ ಎಂದಿರಿ, ಶಾಲು ತಂದಿರಿ, ನನ್ನನ್ನು ಹೋರಾಟಗಾರ ಎಂದು ಕರೆದಿರಿ. ಸಂತೋಷ. ಇದೇ ಕಂಪನಿಯವರು ಮೊದಲು ಕರೆದ ಹೆಸರುಗಳನ್ನು ಮೈಕಿನಲ್ಲಿ ಹೇಳುವಂತಿಲ್ಲ.

ಹೋರಾಟ ಏತಕ್ಕೆ? ಊರ ನಡುವೆ ಟವರು. ಎಲ್ಲ ಓಣಿಗಳಲ್ಲೂ ಮೊಬೈಲಿನಲ್ಲಿ ಸಿನೆಮಾ ಓಡುತ್ತದೆ, ಬೀರೇಶ್ವರ ಓಣಿಯಲ್ಲಿ ಮಾತ್ರ ಫೋನೇ ಹತ್ತುವುದಿಲ್ಲ. ಹರೆಯದಿಂದ ಕಲಿತದ್ದನ್ನೇ ಮಾಡಿದೆವು. ಟವರಿನ ಗೇಟಿಗೆ ಬೀಗ ಜಡಿದೆವು, ಡೊಳ್ಳು ಬಾರಿಸಿದೆವು, ಧಿಕ್ಕಾರ ಕೂಗಿದೆವು. ಯಾರೂ ಬರಲಿಲ್ಲ. ಧಿಕ್ಕಾರಕ್ಕೂ ಎದುರಿಗೊಬ್ಬ ಬೇಕಲ್ಲ?

ಕೊನೆಗೆ ಮೇಡಂ ಫೋನ್ ಮಾಡಿದರು. "ಕಾಕಾ, ಬೀಗ ಇರಲಿ ಬಿಡ್ರಿ. ನಾವು ಅಲ್ಲಿಗೆ ಬರೂದ ಇಲ್ಲ. ಎಲ್ಲಾ ಇಲ್ಲೇ ಆಫೀಸಿನ್ಯಾಗ ಕೂತ ಮಾಡತೇವ್ರಿ."

ಆಗ ತಿಳಿಯಿತು. ಮೇಲೆ ಆಂಟೆನಾ, ಕೆಳಗೆ ಪೆಟ್ಟಿಗೆ, ಪೆಟ್ಟಿಗೆಯಿಂದ ನೆಲದೊಳಗೆ ಹೊರಟ ಕೇಬಲ್. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಟವರುಗಳೆಲ್ಲ ಅಂಥ ಕೇಬಲ್ ಹಿಡಿದು ದೂರದ ಒಂದು ಕಂಪ್ಯೂಟರ್ ಪರದೆಯ ಮೇಲೆ ಕೂತಿವೆ. ಮೊದಲು ಟವರಿನ ರೇಡಿಯೋದ, ಅಂದರೆ ಫೋನಿನ ಅಲೆ ಬಿಡುವ ಯಂತ್ರದ ಗುಣ ಬದಲಿಸಲು ಪೆಟ್ಟಿಗೆಯನ್ನೇ ಬದಲಿಸಬೇಕಿತ್ತು. ಈಗ ಅದರ ಬುದ್ಧಿಯೆಲ್ಲ ಸಾಫ್ಟ್‌ವೇರಿನಲ್ಲಿದೆ. ಯಾವ ದಿಕ್ಕಿಗೆ ಎಷ್ಟು ಬಲ, ಯಾವ ದಿಕ್ಕು ಮಲಗಬೇಕು, ಎಲ್ಲವೂ ಅಲ್ಲಿಂದ ಬರುವ ಅಪ್ಪಣೆ. ನಾವು ಆಳಿಗೆ ಬೀಗ ಹಾಕಿದ್ದೆವು. ಧಣಿ ಬೇರೆ ಊರಿನಲ್ಲಿದ್ದ.

ಆ ಧಣಿ ಹಗಲಷ್ಟೇ ನೋಡಿದ. ಬೀರೇಶ್ವರ ಓಣಿಯ ಕಡೆ ಫೋನುಗಳೇ ಇಲ್ಲ. ಹೇಗಿರುತ್ತವೆ? ಬೆಳಗಾದರೆ ಓಣಿಗೆ ಓಣಿಯೇ ಕುರಿಗಳ ಹಿಂದೆ ಅಡವಿಗೆ ಹೋಗುತ್ತದೆ. ಕರೆಂಟು ಉಳಿಯಲಿ ಎಂದು ಆ ದಿಕ್ಕನ್ನು ಮಲಗಿಸಿದ. ಹೊತ್ತು ಮುಳುಗುವಾಗ ಜನ ಮರಳುತ್ತಾರೆ, ದಿಕ್ಕು ಏಳುವುದಿಲ್ಲ.

ನಾವು ಡೊಳ್ಳು ಬಾರಿಸುತ್ತಿದ್ದ ಸಂಜೆಯೇ ಆ ಓಣಿಯ ಸತ್ಯವ್ವನ ಕುರಿಗೆ ಈಯಲು ಕಷ್ಟವಾಯಿತು. ದನದ ಡಾಕ್ಟರಿಗೆ ಫೋನು ಹತ್ತಲಿಲ್ಲ. ಕುರಿ ಸತ್ತಿತು, ಮರಿ ಉಳಿಯಿತು. ಮರುದಿನ ಆಕೆ ಅಂದಳು: "ದುಂಡೇಶಣ್ಣಾ, ನಿನ್ನ ಡೊಳ್ಳು ಡಾಕ್ಟರಗ ಕೇಳಿಸಿದ್ರ ನನ್ನ ಕುರಿ ಬದಕತಿತ್ತು ನೋಡು." ನನ್ನ ಮನೆ ಪೇಟೆ ಓಣಿಯಲ್ಲಿದೆ. ಅಲ್ಲಿ ಫೋನು ಛಲೋ ಹತ್ತುತ್ತದೆ.

ಮೇಡಂ, "ಸರಿ ಮಾಡುತ್ತೇವೆ" ಎಂದಿರಿ. ಯಾವಾಗ? ಲ್ಯಾಪ್‌ಟಾಪಿನ ಚೀಲ ನಿಮ್ಮ ಕುರ್ಚಿಯ ಪಕ್ಕದಲ್ಲೇ ಇದೆ. ನಾಲ್ಕು ಊರುಗಳನ್ನು ಅಲ್ಲಿಂದ ಆಳುವವರು ಇಲ್ಲಿಂದ ಒಂದು ಓಣಿಯನ್ನು ಎಬ್ಬಿಸಲಾರಿರಾ? ಹೊತ್ತು ಮುಳುಗಿದೆ. ಸತ್ಯವ್ವ ಸಭೆಗೆ ಬಂದಿಲ್ಲ, ಮನೆಯಲ್ಲಿದ್ದಾಳೆ. ಆಕೆಯ ನಂಬರಿಗೆ ಹಚ್ಚಿ ಮೈಕಿಗೆ ಹಿಡಿದಿದ್ದೇನೆ, ಕೇಳಿರಿ. ವ್ಯಾಪ್ತಿ ಪ್ರದೇಶದ ಹೊರಗಿದ್ದಾಳಂತೆ. ಹುಟ್ಟಿದ ಊರಿನಲ್ಲೇ ಹೊರಗಿದ್ದಾಳಂತೆ.

ಶಾಲು ಮೇಜಿನ ಮೇಲಿರಲಿ. ನಾನು ಇಲ್ಲೇ ನಿಂತಿರುತ್ತೇನೆ. ಅಡುಗೆಯವರೇ, ಒಲೆ ಸಣ್ಣ ಮಾಡಿರಿ.

ಹಾಂ, ಮೇಡಂ ಚೀಲ ತೆರೆದರು. ಚಪ್ಪಾಳೆ ಈಗಲೇ ಬೇಡ. ಮಾಸ್ತರರೇ, ನೀವು ಗಡಿಯಾರ ನೋಡಬೇಡಿರಿ.

ಆಯಿತಂತೆ. ಮತ್ತೆ ಹಚ್ಚುತ್ತೇನೆ... ರಿಂಗಾಗುತ್ತಿದೆ. "ಸತ್ಯವ್ವಾ, ನಾನು ದುಂಡೇಶ..."

ಇಟ್ಟುಬಿಟ್ಟಳು. "ಮರಿಗೆ ಹಾಲು ಕುಡಸಾಕತ್ತೇನಿ, ಭಾಷಣ ಆಮ್ಯಾಲ ಮಾಡು" ಅಂದಳು.

ಇನ್ನು ನನ್ನ ಮಾತಿಗೆ ಕೆಲಸವಿಲ್ಲ. ಮೇಡಂ ಅವರಿಗೆ ಧನ್ಯವಾದ. ನಾಳೆ ಮತ್ತೆ ಮಲಗಿಸಿದರೆ ಗೇಟಿನಿಂದ ತೆಗೆದ ಬೀಗ ನನ್ನ ಕಿಸೆಯಲ್ಲೇ ಇದೆ, ಈ ಸಲ ಯಾರ ಬಾಗಿಲಿಗೆ ಎಂಬುದೂ ಗೊತ್ತಿದೆ. ಶಾಲನ್ನು ಆ ಮರಿಗೆ ಹೊದಿಸಿರಿ, ಚಳಿ ಬಿದ್ದಿದೆ. ಊಟಕ್ಕೆ ನಡೆಯಿರಿ. ಎಲ್ಲರಿಗೂ ನಮಸ್ಕಾರ.