ಮೂಗಿನಿಂದ ಒತ್ತಿದ ಮೂರು

ಹಲೋ... ಹಾಂ, ಹಲೋ. ಯಾರು ಮಾತಾಡ್ತಿರೋದು?... ಯಾರು? ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಬಟ್ಟೆ ಒಗೆಯೋ ಮಷೀನ್ ತಿರುಗ್ತಿದೆ. ಇಡೀ ತಂಡದ ಕಾಲುಚೀಲ ಒಳಗಿದೆ...

ಓಹೋ, ಮನಸ್ಸಿನ ಡಾಕ್ಟ್ರು! ನಮಸ್ಕಾರ ಮೇಡಂ. ಹೊಸದಾಗಿ ಸೇರಿದವರು ನೀವೇ ಅಲ್ವಾ? ಹೋದ ವಾರ ಊಟದ ಹಾಲ್‌ನಲ್ಲಿ ಕೋಚು ನಿಮ್ಮನ್ನ ಪರಿಚಯ ಮಾಡಿಸಿದಾಗ ಎಲ್ಲರೂ ತಟ್ಟೆ ನೋಡ್ತಾ ಕೂತಿದ್ವಲ್ಲ... ಹಾಂ, ನಾನೇ. ಗೋಲ್‌ಕೀಪರ್. ಮೊದಲನೇ ಗೋಲ್‌ಕೀಪರ್. ಸದ್ಯಕ್ಕೆ...

ಗೊತ್ತು, ಗೊತ್ತು, ಯಾಕೆ ಫೋನ್ ಮಾಡಿದ್ರಿ ಅಂತ ಗೊತ್ತು. ಮೂರು. ನೋಡಿ, ಅದು ಕೈತಪ್ಪು. ಅಂದ್ರೆ ಕೈ ಅಲ್ಲ, ಮೂಗು ತಪ್ಪು...

ಮೂಗು, ಮೇಡಂ, ಮೂಗು. ನಗ್ಬೇಡಿ. ದಿನಾ ಬೆಳಿಗ್ಗೆ ಮೈದಾನಕ್ಕೆ ಇಳಿಯೋ ಮುಂಚೆ ಬಾಗಿಲ ಪಕ್ಕದ ಆ ಪರದೆ ಮೇಲೆ ಒತ್ತಬೇಕಲ್ಲ, ‘ಇವತ್ತು ಮನಸ್ಸು ಹೇಗಿದೆ, ಒಂದರಿಂದ ಹತ್ತು’ ಅಂತ? ಬೇರೆಯವರಿಗೆ ಬೆರಳಿದೆ. ನಾನು ಅಷ್ಟೊತ್ತಿಗೆ ಗ್ಲೌಸ್ ಹಾಕಿ, ಮಣಿಕಟ್ಟಿಗೆ ಪಟ್ಟಿ ಸುತ್ಕೊಂಡಿರ್ತೀನಿ. ಅದನ್ನ ಬಿಚ್ಚಿ ಮತ್ತೆ ಕಟ್ಟೋಕೆ ಹತ್ತು ನಿಮಿಷ. ಗ್ಲೌಸಲ್ಲಿ ಒತ್ತಿದ್ರೆ ಆ ಪರದೆಗೆ ಏನೂ ಗೊತ್ತಾಗಲ್ಲ. ಅದಕ್ಕೇ ಬಗ್ಗಿ ಮೂಗಲ್ಲಿ ಒತ್ತೋದು. ಗೋಲ್‌ಕೀಪರುಗಳೆಲ್ಲ ಹಾಗೇ ಮಾಡ್ತೀವಿ...

ಹಾಂ, ಒಂದರಿಂದ ಐದು ಮೇಲಿನ ಸಾಲು, ಆರರಿಂದ ಹತ್ತು ಕೆಳಗಿನ ಸಾಲು. ಮೂರರ ನೇರ ಕೆಳಗೇ ಎಂಟು. ಇವತ್ತು ಸೊಂಟ ಸ್ವಲ್ಪ ಕಡಿಮೆ ಬಗ್ಗಿತು, ಅಷ್ಟೇ. ಜನ ಬೇರೆಯವರ ವಿಷಯಕ್ಕೆ ಮೂಗು ತೂರಿಸಿ ಬೈಸಿಕೊಳ್ತಾರೆ, ನಾನು ನನ್ನ ವಿಷಯಕ್ಕೇ ತೂರಿಸಿ ಸಿಕ್ಕಾಕ್ಕೊಂಡೆ. ಅದನ್ನ ಎಂಟು ಮಾಡ್ಬಿಡಿ, ಮುಗೀತು...

ಏನು? ಎರಡು ವರ್ಷದಿಂದ ಒಂದೇ ಒಂದು ದಿನಾನೂ ಎಂಟು ಬಿಟ್ರೆ ಬೇರೆ ಅಂಕಿ ಇಲ್ವಾ?... ಇರಲ್ಲ ಮೇಡಂ. ನೀವು ಹೊಸಬರು, ಹೇಳ್ಕೊಡ್ತೀನಿ ಕೇಳಿ. ಹತ್ತು ಒತ್ತಿದ್ರೆ ಕುಡಿದು ಬಂದಿದಾನೆ ಅಂತಾರೆ. ಒಂಬತ್ತು ಅಂದ್ರೆ ಬೇರೆ ಕ್ಲಬ್ಬಿನವರು ಕರೆದಿರ್ಬೇಕು ಅಂತಾರೆ. ಏಳಕ್ಕೆ ಫಿಸಿಯೋ ಬಂದು ತೊಡೆ ಒತ್ತಿ ನೋಡ್ತಾನೆ. ಆರಕ್ಕೆ ಕೋಚು ಹೆಗಲ ಮೇಲೆ ಕೈ ಹಾಕ್ತಾರೆ. ಅವರು ಹೆಗಲ ಮೇಲೆ ಕೈ ಹಾಕಿದ್ರು ಅಂದ್ರೆ ಆ ವಾರ ಬೆಂಚೇ ಗತಿ. ಎಂಟು ಅಂದ್ರೆ ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ...

ಐದಾ? ಐದರ ಕೆಳಗೆ ಒತ್ತಿದವನು ಒಬ್ನೇ. ಹೋದ ವರ್ಷ, ಎಡಗಾಲಲ್ಲಿ ಆಡ್ತಿದ್ದ ನಮ್ಮ ಹುಡುಗ. ನಿಜ ಹೇಳ್ಬೇಕು ಅಂತ ನಿಮ್ಮ ಹಿಂದಿನ ಡಾಕ್ಟ್ರು ಭಾಷಣ ಮಾಡಿದ್ರಲ್ಲ, ಅದನ್ನ ನಂಬಿ ನಾಲ್ಕು ಒತ್ತಿದ. ಎಷ್ಟು ಪ್ರೀತಿಯಿಂದ ನೋಡ್ಕೊಂಡ್ರು ಗೊತ್ತಾ! ‘ಮನೆಗೆ ಹೋಗಪ್ಪ, ರೆಸ್ಟ್ ತಗೋ, ನಿನ್ನ ಜಾಗ ಇಲ್ಲೇ ಇರುತ್ತೆ’ ಅಂದ್ರು. ಜಾಗ ಇಲ್ಲೇ ಇದೆ, ಬೇರೆಯವನು ನಿಂತಿದಾನೆ. ಅವನು ಇನ್ನೂ ರೆಸ್ಟ್ ತಗೊಳ್ತಾನೇ ಇದಾನೆ, ಟೈಲ್ಸ್ ಅಂಗಡೀಲಿ...

ಗುಟ್ಟಾಗಿರುತ್ತಾ? ಹೌದೌದು, ಭಾರಿ ಗುಟ್ಟು. ಕೋಚು, ಅವರ ಸಹಾಯಕ, ಫಿಸಿಯೋ, ಕಂಪ್ಯೂಟರ್ ನೋಡ್ಕೊಳ್ಳೋನು, ನೀವು. ಐದು ಜನ ಬಿಟ್ರೆ ಒಂದು ನರಪಿಳ್ಳೆಗೂ ಗೊತ್ತಾಗಲ್ಲ...

ಒಂದ್ನಿಮಿಷ, ಒಂದ್ನಿಮಿಷ... ಏನಣ್ಣ?... ಇಲ್ಲಣ್ಣ, ಹೆಂಡ್ತಿ ಫೋನು. ಹಾಂ, ತರಕಾರಿ ತರೋಕೆ ಹೇಳ್ತಿದಾಳೆ. ಆ ಬಕೆಟ್ ತಗೊಂಡು ಹೋಗು, ಬಾಗಿಲು ಹಾಕ್ಕೋ... ಹಾಂ ಮೇಡಂ, ಹೇಳಿ. ಬಟ್ಟೆ ಒಗೆಯೋ ಅಣ್ಣ. ಒಳ್ಳೆಯವನೇ, ಆದ್ರೆ ಅವನ ಕಿವಿಗೆ ಬಿದ್ರೆ ಊರಿಗೇ ಬಿದ್ದ ಹಾಗೆ...

ನನಗೇನು ಭಯ? ಸರಿಯಾಗಿ ಕೇಳಿದ್ರಿ. ಬೇರೆ ಜಾಗದಲ್ಲಿ ಆಡೋರಿಗೆ ಒಬ್ಬರಲ್ಲ ಒಬ್ಬರ ಬದಲಿಗೆ ಅವಕಾಶ ಸಿಗುತ್ತೆ. ಗೋಲಿಗೆ ನಿಲ್ಲೋನು ಒಬ್ನೇ. ನಾನು ಹೊರಗೆ ಬಂದ್ರೆ ನಮ್ಮ ಎರಡನೆಯವನು ಒಳಗೆ. ಮೂರು ವರ್ಷದಿಂದ ಬೆಂಚಲ್ಲಿ ಕೂತು ಕಾಯ್ತಿದಾನೆ, ಪಾಪ. ದಿನಾ ಬಂದು ‘ಬೆರಳು ಹೇಗಿದೆ ಅಣ್ಣ, ಬೆನ್ನು ಹೇಗಿದೆ ಅಣ್ಣ’ ಅಂತ ಕೇಳ್ತಾನೆ. ನನ್ನ ಹೆತ್ತ ತಾಯಿ ಅಷ್ಟು ಕೇಳಲ್ಲ. ನಾಡಿದ್ದಿನ ಪಂದ್ಯಕ್ಕೆ ಅವನು ಇಳಿದ, ಚೆನ್ನಾಗಿ ಆಡಿದ ಅಂದ್ರೆ ನನ್ನ ಕಥೆ ಮುಗೀತು. ಮೂವತ್ಮೂರು ನನಗೆ. ಮತ್ತೆ ಯಾರೂ ಕರೆಯಲ್ಲ...

ಹಾಂ... ಹಾಂ, ಆ ಗೋಲ್ ಬಿಟ್ಕೊಟ್ಟ ಮೇಲಿಂದಾನೇ ಹೀಗೆ. ಇಲ್ಲ ಅನ್ನಲ್ಲ. ನೀವೂ ನೋಡಿದ್ರಾ? ನೋಡದೇ ಇರೋರು ಯಾರು! ಕೊನೇ ನಿಮಿಷ. ಚೆಂಡು ಪಾರಿವಾಳ ನಡ್ಕೊಂಡು ಬಂದ ಹಾಗೆ ಬಂತು, ಎರಡು ಕೈ ಮಧ್ಯೆ ಹೋಯ್ತು. ಒಂಬತ್ತು ವರ್ಷ ನನ್ನನ್ನ ‘ಗೋಡೆ’ ಅಂತ ಕರೀತಿದ್ರು. ಒಂದೇ ಸಂಜೇಲಿ ‘ಜರಡಿ’ ಆದೆ. ಕ್ರೀಡಾಂಗಣದಲ್ಲಿ ಅಷ್ಟೂ ಜನ ಒಟ್ಟಿಗೆ ಜರಡಿ ಅಂತ ಕೂಗೋದು ಕೇಳಿದೀರಾ? ತಾಳ ಮಾತ್ರ ಒಂಚೂರೂ ತಪ್ಪಲ್ಲ ಮೇಡಂ, ಮೆಚ್ಚಬೇಕು...

ಮನೇಲಾ? ಮನೇಲಿ ಏನೂ ಇಲ್ಲ. ಮಗಳಿಗೆ ಶಾಲೇಲಿ ಡಬ್ಬಿ ಮುಚ್ಚಳ ಎಸೆದು ‘ಹಿಡಿ ನೋಡೋಣ, ಅಪ್ಪನ ಮಗಳೇ’ ಅಂತಾರಂತೆ. ಅವಳು ನನಗೆ ಹೇಳಿಲ್ಲ, ಹೆಂಡ್ತಿ ಹೇಳಿದ್ಲು. ಟೀಚರು ಅಪ್ಪ ಏನು ಕೆಲಸ ಅಂದಾಗ ‘ಗ್ಲೌಸ್ ಮಾರ್ತಾರೆ’ ಅಂದ್ಲಂತೆ. ಜಾಣೆ. ಎಂಥಾ ಜಾಣೆ ಅಂದ್ರೆ...

ಇಲ್ಲ, ಇಲ್ಲ, ಸೀನು ಬಂತು ಅಷ್ಟೇ. ಸೋಪಿನ ಪುಡಿ ವಾಸನೆ...

ಕೈಯಾ? ಯಾಕೆ ಕೈ ವಿಷಯ ಕೇಳ್ತೀರಿ?... ಅಲ್ಲ, ಯಾರು ಹೇಳಿದ್ರು ನಿಮಗೆ?... ಯಾರೂ ಹೇಳಿಲ್ವಾ. ನೋಡಿ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನನ್ನ ಕಥೆ...

ಮೈದಾನದಲ್ಲಿ ಪರವಾಗಿಲ್ಲ, ಗ್ಲೌಸ್ ಒಳಗಿರುತ್ತೆ, ಯಾರಿಗೂ ಕಾಣಲ್ಲ. ಮನೇಲಿ ನಡುಗುತ್ತೆ. ಕಾಫಿ ಲೋಟ ಕೈಗೆ ಕೊಡ್ಬೇಡ, ಮೇಜಿನ ಮೇಲಿಡು ಅಂತ ಹೆಂಡ್ತಿಗೆ ಹೇಳಿದೀನಿ. ಬಿಸಿ ಇರುತ್ತೆ ಅಂತ ನೆಪ. ಅಂಗಡಿಯವನು ಚಿಲ್ಲರೆ ಕೊಡೋಕೆ ಬಂದ್ರೆ ಇಟ್ಕೊಳ್ಳಿ ಅಂದು ಬಂದ್ಬಿಡ್ತೀನಿ. ಬೀದೀಲಿ ನನ್ನಷ್ಟು ಧಾರಾಳಿ ಇನ್ನೊಬ್ಬನಿಲ್ಲ ಅಂತ ಹೆಸರು ಬಂದಿದೆ...

ಇನ್ನೇನು? ಇನ್ನೇನೂ ಇಲ್ಲ...

...ತಂಗಿಗೆ ಮಗು ಆಯ್ತು ಮೇಡಂ. ಆ ಪಂದ್ಯ ಆದ ವಾರಾನೇ. ಒಂದು ತಿಂಗಳಾಯ್ತು. ಸೋದರಮಾವ ನಾನು. ಇನ್ನೂ ಎತ್ಕೊಂಡಿಲ್ಲ...

ನೆಗಡಿ ಅಂತ ಹೇಳಿದೀನಿ. ಬಾಗಿಲ ಹತ್ರ ನಿಂತು, ಮೂಗಿಗೆ ಬಟ್ಟೆ ಹಿಡ್ಕೊಂಡು ನೋಡಿ ಬರ್ತೀನಿ. ಮನುಷ್ಯನಿಗೆ ಒಂದು ತಿಂಗಳು ನೆಗಡಿ ಇರುತ್ತಾ? ಮೊನ್ನೆ ತಂಗಿ ‘ಅಣ್ಣ, ಹಿಡ್ಕೋ, ಒಂದೇ ನಿಮಿಷ, ನೀರು ಕುಡಿದು ಬರ್ತೀನಿ’ ಅಂತ ಮಗೂನ ನನ್ನ ಕಡೆ ಚಾಚಿದ್ಲು. ನಾನು ಕೈ ಬೆನ್ನ ಹಿಂದೆ ಕಟ್ಕೊಂಡ್ಬಿಟ್ಟೆ. ಅವಳ ಮುಖ ಹೇಗಾಯ್ತು ಗೊತ್ತಾ... ಹೆಂಡ್ತಿಗೂ ಹೇಳಿಲ್ಲ ಇದು. ನಿಮಗೆ ಯಾಕೆ ಹೇಳ್ದೆ ಅಂತ ನನಗೇ ಗೊತ್ತಿಲ್ಲ...

ಹಾಂ... ಹಾಂ... ಇಲ್ಲ, ಇಲ್ಲ, ಅದೆಲ್ಲ ಬರ್ಕೋಬೇಡಿ! ಸುಮ್ನೆ ಮಾತಿಗೆ ಮಾತು ಬಂತು. ಗಂಟೆ ಎಷ್ಟಾಯ್ತು? ಹನ್ನೊಂದಕ್ಕೆ ಕೋಚು ಈ ಅಂಕಿಗಳ ಪಟ್ಟಿ ತೆಗೆದು ನೋಡ್ತಾರೆ, ಮೂರು ಕಂಡ್ರೆ ನಾನು ಹೊರಗೆ. ಎಂಟು ಮಾಡಿ ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ...

ಏನು? ಮೂರು ಅಂತ ಇದ್ರೆ ನೀವು ನಾಲ್ಕು ಪುಟ ವರದಿ ಬರೀಬೇಕಾ? ಇವತ್ತೇನಾ?... ಅಯ್ಯೋ, ಹಾಗಾದ್ರೆ ಇನ್ನೇನು ಯೋಚನೆ? ಇಬ್ಬರಿಗೂ ಒಳ್ಳೇದೇ ಅಲ್ವಾ. ನಿಮಗೂ ಕೆಲಸ ಉಳೀತು...

ಹಾಂ, ನನ್ನ ಒಪ್ಪಿಗೆ ಇದೆ. ಮೂಗಿನ ತಪ್ಪು ಅಂತಾನೇ ಹಾಕ್ಕೊಳ್ಳಿ. ಹಾಂ, ಇರ್ತೀನಿ, ಫೋನ್ ಇಡಲ್ಲ...

...ಆಯ್ತಾ? ಆಗ್ಲೇ?... ಎಂಟು ಅಂತ ಬಂತಾ?...

ಇಲ್ಲ, ಸಂತೋಷ. ತುಂಬಾ ಉಪಕಾರ ಆಯ್ತು ಮೇಡಂ. ನೀವು ಚೆನ್ನಾಗಿರ್ಬೇಕು...

ಹಾಂ, ನಾಡಿದ್ದು ಆಡ್ತೀನಿ. ಹಾಂ, ಚೆನ್ನಾಗೇ ಆಡ್ತೀನಿ...

ಬೇರೆ ಫೋನ್ ಬರ್ತಿದೆಯಾ? ತಗೊಳ್ಳಿ, ತಗೊಳ್ಳಿ... ಅಲ್ಲ, ಒಂದ್ನಿಮಿಷ. ಒಂದೇ ಮಾತು. ನಾನೇ ಕೇಳ್ದೆ, ನಿಜ. ಕಾಲಿಗೆ ಬೀಳ್ತೀನಿ ಅಂತಾನೂ ಅಂದೆ. ಆದ್ರೂ ಆ ಮಗುವಿನ ವಿಷಯ ಹೇಳಿದ್ಮೇಲೂ ನೀವು... ಒಂದೇ ಒಂದು ಸಲ, ಬಾಯಿ ಮಾತಿಗಾದ್ರೂ ‘ಆಗಲ್ಲ’ ಅನ್ಬಹುದಿತ್ತಲ್ವಾ ಮೇಡಂ?...

ಹಲೋ?... ಮೇಡಂ?... ಹಲೋ...