ಸಣ್ಣವ್ವ ಹ್ಯಾಂಡಲ್ ಹೊಡೆದ ದಿನ

ಇಂಜಿನ್ ತಿರುಗ್ತದೆ, ಹತ್ಕೊಳ್ಳಲ್ಲ ಅಂದ್ರೆ ಅದರ ಜೊತೆ ಜಗಳ ಆಡ್ಬಾರ್ದು. ಅದು ಕೇಳೋದು ಮೂರೇ. ಕಿಡಿ, ಪೆಟ್ರೋಲು, ಗಾಳಿ. ಮೊದಲೆರಡನ್ನ ಎಲ್ರೂ ನೋಡ್ತಾರೆ.

ಎರಡ್ನೇ ಮಹಾಯುದ್ಧ ಇನ್ನೂ ಬಂದಿರ್ಲಿಲ್ಲ. ಮಳವಳ್ಳಿ ಸಾವ್ಕಾರ್ರ ಕಾರು ಓಡಿಸ್ತಿದ್ದೆ, ಅದೇ ನನ್ನ ಮೊದಲ್ನೇ ಕೆಲಸ. ಹಳೇ ಕಾರು, ಯಾರ‍್ಯಾರೋ ಓಡಿಸಿ ಬಿಟ್ಟಿದ್ದು. ನಮ್ಮನೆ ಕೊಟ್ಟಿಗೇಲೇ ನಿಲ್ಲಿಸ್ತಿದ್ದೆ, ಎಮ್ಮೆ ಪಕ್ಕ. ಎಮ್ಮೆ ಅಲ್ಲ, ಆಗ ಹಸ ಇತ್ತು. ಇರ್ಲಿ. ನಿಮ್ಮಜ್ಜಿಗೆ ದಿನ ತುಂಬಿತ್ತು. ಮೊದಲ್ನೇ ಕೂಸು ಉಳಿದಿರ್ಲಿಲ್ಲ. ಆದ್ರೂ ಆಯುಧಪೂಜೆ ದಿನ ಸುಮ್ನೆ ಕೂರ್ಲಿಲ್ಲ, ಆ ಹೊಟ್ಟೆ ಹೊತ್ಕೊಂಡು ಕಾರಿನ ಸುತ್ತ ತಿರುಗಿ ದೀಪಕ್ಕೆ, ಚಕ್ರಕ್ಕೆ, ಹ್ಯಾಂಡಲ್‌ಗೆ, ಕೈಗೆ ಸಿಕ್ಕಿದ್ದಕ್ಕೆಲ್ಲ ಅರಿಶಿನ ಕಲಸಿ ಬಳಿದು ಕುಂಕುಮ ಇಟ್ಲು. ಮಾರನೇ ದಿನ ಬೆಳಿಗ್ಗೆ ನೋವು ಬಂತು. ಸೂಲಗಿತ್ತಿ ಸಣ್ಣವ್ವ ಹೊಟ್ಟೆ ಮುಟ್ಟಿ ನೋಡಿ ಹೊರಗೆ ಬಂದ್ಲು.

"ಮಗ ಅಡ್ಡ ಮಲ್ಗ್ಬುಟ್ಟದೆ ಕಣ್ಲಾ. ನನ್ ಕೈಲಾಗಾಕಿಲ್ಲ. ಮಂಡ್ಯ ಆಸ್ಪತ್ರೆಗೆ ಓಗು, ನಾನೂ ಬತ್ತೀನಿ."

ಸಾವ್ಕಾರ್ರನ್ನ ಕಾರು ಕೇಳಕ್ಕೆ ಓಡ್ದೆ. "ಕೇಳ್ತಾ ನಿಂತಿದ್ದೀಯಲ್ಲೋ, ಓಗು" ಅಂದ್ರು.

ಹೊರಟ್ವಿ. ಚಿಕ್ಕರಸಿನಕೆರೆಗೆ ತಿರುಗೋ ದಾರಿ ಹತ್ರ ಕಾರು ಕೆಮ್ಮಿ ನಿಂತ್ಕೊಂಡ್ತು. ಇಳಿದು ಮುಂದ್ಗಡೆ ಹ್ಯಾಂಡಲ್ ಸಿಗಿಸಿ ತಿರುಗಿಸಿ ಹೊಡೆದೆ, ಆಗಿನ ಕಾರು ಹಾಗೇ ಹತ್ತಿಸ್ಬೇಕಿತ್ತು. ತಿರುಗ್ತದೆ, ಹತ್ಕೊಳ್ಳಲ್ಲ. ಮತ್ತೆ ಹೊಡೆದೆ. ಊಹೂಂ. ಹಿಂದಿನ ಸೀಟಿಂದ ನಿಮ್ಮಜ್ಜಿ, ಹಲ್ಲು ಕಚ್ಕೊಂಡು, "ಎತ್ತಿನ ಗಾಡಿ ಕಟ್ಟಿ ಅಂದೆ, ನನ್ ಮಾತು ಎಲ್ಲಿ ಕೇಳ್ತೀರಿ?"

ಮೊದ್ಲು ಕಿಡಿ ನೋಡ್ಬೇಕು. ಪ್ಲಗ್ ಬಿಚ್ಚಿ, ವೈರು ಸಿಗಿಸಿ ಇಂಜಿನ್ ಕಬ್ಬಿಣದ ಮೇಲೆ ಮಲಗಿಸ್ದೆ. ನಾನು ಇದನ್ನ ನೋಡೋವಾಗ ಯಾರಾದ್ರೂ ತಿರುಗಿಸ್ಬೇಕಲ್ಲ? ಇದ್ದೋಳು ಸಣ್ಣವ್ವ ಒಬ್ಳೇ.

"ಸಣ್ಣವ್ವಾ, ಬಾ, ಹ್ಯಾಂಡಲ್ ಹೊಡಿ."

"ಲೇ, ನಾನು ಮಕ್ಳ ಎಳೆಯೋಳು ಕಣ್ಲಾ, ಮೋಟ್ರು ತಿರ್ಗ್ಸೋಳಲ್ಲ."

"ಹ್ಯಾಂಡಲ್‌ಗೆ ಹೆಬ್ಬೆಟ್ಟು ಸುತ್ಬೇಡ, ಅದು ಹಿಂದಕ್ಕೆ ಒದ್ರೆ ಕೈ ಮುರೀತದೆ."

"ಮುರುದ್ರೆ ನಿನ್ ಎಂಡ್ರ್‌ನ ಯಾರ್ಲಾ ನೋಡೋರು?" ಅಂತ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಬಂದ್ಲು. ಎಂಥ ತೋಳು ಅಂತೀರಿ. ಒಂದೇ ಏಟಿಗೆ ತಿರುಗಿಸಿದ್ಲು. ಪ್ಲಗ್ ತುದೀಲಿ ನೀಲಿ ಕಿಡಿ ಚಟ್ ಅಂತು. ಕಿಡಿ ಸರಿ ಇದೆ.

ಇನ್ನು ಪೆಟ್ರೋಲು. ಪೂಜೆಗೆ ಮುಂಚೆ ನಾನೇ ತುಂಬಿಸಿದ್ದೆ. ಆ ಕಾರಿನ ಟ್ಯಾಂಕು ಇಂಜಿನ್‌ಗಿಂತ ಮೇಲೆ, ಗಾಜಿನ ಮುಂದೆ. ಪೆಟ್ರೋಲು ತಾನಾಗೇ ಕೊಳವೇಲಿ ಇಳೀಬೇಕು. ಕೊಳವೆ ಬಿಚ್ಚಿದೆ. ಎರಡು ಹನಿ ಬಿತ್ತು, ನಿಂತ್ಹೋಯ್ತು. ಕಸ ಕಟ್ಟಿದೆ ಅಂದ್ಕೊಂಡು ಬಾಯಿಟ್ಟು ಊದಿದೆ. ಬಾಯಿ ಉರಿದುಹೋಯ್ತು. ಆದ್ರೆ ಪೆಟ್ರೋಲು ಬಂತು. ಜೋಡಿಸಿ ಹ್ಯಾಂಡಲ್ ಹೊಡೆದೆ, ಹತ್ಕೊಂಡ್ತು. ಸಣ್ಣವ್ವ ಓಡಿ ಬಂದು ಹತ್ತಿದ್ಲು. ಸ್ವಲ್ಪ ದೂರ ಹೋದ್ವಿ ನೋಡಿ, ಮತ್ತೆ ಕೆಮ್ಮಿ ನಿಂತ್ಕೊಂಡ್ತು.

ಆಗ ನಿಮ್ಮಜ್ಜಿ ಬೈಯೋದು ನಿಲ್ಲಿಸಿದ್ಲು. ಬೈತಾ ಇದ್ರೆ ವಾಸಿ. ಸಣ್ಣವ್ವ ಅವಳ ಕೈ ಹಿಡ್ಕೊಂಡು ಕೂತಿದ್ಲು.

ಮತ್ತೆ ಕೊಳವೆ ಬಿಚ್ಚಿದೆ. ಒಣಗಿದೆ. ಒಳಗೆ ಏನಿದೆ ನೋಡಾಣ ಅಂತ ಟ್ಯಾಂಕಿನ ಮುಚ್ಚಳ ತಿರುವಿದೆ. ಸೊಯ್ ಅಂತ ಗಾಳಿ ಒಳಕ್ಕೆ ಎಳ್ಕೊಂಡ್ತು, ಕೆಳಗೆ ಪೆಟ್ರೋಲು ನನ್ನ ಕಾಲ ಮೇಲೆ ಸುರೀತು. ಕೊಳವೆ ಕಟ್ಟಿದ್ರೆ ಟ್ಯಾಂಕು ಯಾಕೆ ಉಸಿರೆಳೀತದೆ? ಮುಚ್ಚಳ ಕೈಲಿ ಹಿಡ್ಕೊಂಡು ನೋಡ್ದೆ. ನಡುವೆ ಒಂದು ಸಣ್ಣ ತೂತು ಇರ್ಬೇಕು, ಗಾಳಿ ಹೋಗಕ್ಕೆ. ಗಾಳಿ ಒಳಗೆ ಹೋದ್ರೇನೇ ಪೆಟ್ರೋಲು ಹೊರಗೆ ಬರೋದು. ಆಗ ನಾನು ಊದಿದ ಗಾಳೀಲೇ ಕಾರು ಅಷ್ಟು ದೂರ ಬಂದಿತ್ತು. ತೂತಿನ ಮೇಲೆ ಅರಿಶಿನ. ಒಣಗಿ ಗಾರೆ ಥರ ಕೂತಿದೆ, ಮೇಲೊಂದು ಕುಂಕುಮದ ಬೊಟ್ಟು. ಕಾರು ಕುಡಿಯೋ ಬಾಯಿ ಅದು ಅಂತ ನಿಮ್ಮಜ್ಜಿ ಅಲ್ಲಿಗೇ ದಪ್ಪಕ್ಕೆ ಮೆತ್ತಿದ್ಲು.

ಹಿಂದಿನ ಬಾಗ್ಲು ತೆಗೆದು ಅವಳ ಬಳೇಲಿ ಸಿಕ್ಕಿಸಿದ್ದ ಪಿನ್ನು ಬಿಚ್ಕೊಂಡೆ.

"ಏನಾಗಿತ್ತು?" ಅಂದ್ಲು. ದನಿ ಇರ್ಲಿಲ್ಲ.

"ಕಸ" ಅಂದೆ.

ಚುಚ್ಚಿ ಬಿಡಿಸ್ದೆ. ಮಂಡ್ಯದವರೆಗೂ ಕಾರು ಎಲ್ಲೂ ನಿಲ್ಲಲಿಲ್ಲ. ಆಸ್ಪತ್ರೆ ಹೊರಗೆ ಕೂತಿದ್ದೆ, ಬಾಯೆಲ್ಲ ಪೆಟ್ರೋಲ್ ವಾಸ್ನೆ. ಮಧ್ಯಾಹ್ನ ಆದ ಮೇಲೆ ಸಣ್ಣವ್ವ ಬಂದು, "ಗಂಡು ಕಣ್ಲಾ. ಇಬ್ರೂ ಅವ್ರೆ" ಅಂದ್ಲು. ಅದೇ ನಿಮ್ಮಪ್ಪ.

ಆ ಕಾರು ಓಡಿಸ್ತಿದ್ದಷ್ಟು ವರ್ಷವೂ ಪ್ರತಿ ಆಯುಧಪೂಜೆಗೆ ಮುಂಚೆ ಆ ಮುಚ್ಚಳ ಬಿಚ್ಚಿ ಜೇಬಲ್ಲಿ ಇಟ್ಕೊಂಡು, ಟ್ಯಾಂಕಿಗೆ ಬಟ್ಟೆ ಕಟ್ತಿದ್ದೆ. "ಮುಚ್ಚಳ ಎಲ್ಲಿ?" ಅಂತ ಕೇಳೋಳು. "ತೊಳೆದು ಒಣಗಾಕಿವ್ನಿ" ಅಂತಿದ್ದೆ. ಇವತ್ತಿಗೂ ಗೊತ್ತಿಲ್ಲ ಅವ್ಳಿಗೆ. ಮೆಲ್ಲಗೆ ನಗಿ, ಒಳಗೆ ಅಕ್ಕಿ ಆರಿಸ್ತಾ ಅವ್ಳೆ.

ಕುಂಕುಮ ಇಡಿ, ಬೇಡ ಅನ್ನಲ್ಲ. ಉಸಿರಾಡೋ ತೂತು ಬಿಟ್ಟು ಇಡಿ. ಏಳಿ, ಊಟ ಮಾಡೋಗಿ.