ಗಳಗನಾಥದ ಹೊಳೆಯಲ್ಲಿ ತೀರಿಕೊಂಡ ಮನೋಹರ ಅವರ ಬಗ್ಗೆ

ನಾನು ಅರುಣಾ, ತಂದೆ ಅಂಜಿನಪ್ಪ, ವಯಸ್ಸು 49, ಸೌರಶಕ್ತಿ ಸಂಸ್ಥೆಯೊಂದರಲ್ಲಿ ಕಾರ್ಯಕ್ರಮ ಮುಖ್ಯಸ್ಥೆ, ವಾಸ ರಾಣೆಬೆನ್ನೂರು. ಈ ದಿನ ಠಾಣೆಗೆ ಬಂದು ತಿಳಿಸುವುದೇನೆಂದರೆ:

ಮೃತ ಮನೋಹರ, ವಯಸ್ಸು 58, ಅಗಡಿ ಗ್ರಾಮದವರು, ನಮ್ಮ ಸಂಸ್ಥೆಯ ನಿರ್ದೇಶಕರು. ದೆಹಲಿಯಲ್ಲಿ ಬಹಳ ವರ್ಷ ವಿದ್ಯುತ್ ಮತ್ತು ಹವಾಮಾನ ನೀತಿ ರೂಪಿಸುವ ಸಮಿತಿಗಳಲ್ಲಿ ಕೆಲಸ ಮಾಡಿದ್ದರು. ಅಲ್ಲಿ ಬರೆದದ್ದು ಹೊಲದ ಬದುವಿನವರೆಗೆ ಬರುವುದಿಲ್ಲವೆಂದು ಬೇಸತ್ತು, ಹದಿನಾಲ್ಕು ವರ್ಷದ ಹಿಂದೆ ರಾಣೆಬೆನ್ನೂರಿಗೆ ಬಂದು ಸಂಸ್ಥೆ ಕಟ್ಟಿದರು. ಅಂದಿನಿಂದ ನಾನು ಅವರ ಜೊತೆ ಕೆಲಸ ಮಾಡಿದ್ದೇನೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಒಣಗಿಸುವ ಸೌರ ಘಟಕ ನಮ್ಮ ಮೊದಲ ಕೆಲಸ. ಆ ವರ್ಷ ಕಾಯಿ ಬಣ್ಣಗೆಟ್ಟಿತು. ಅವರು ಒಬ್ಬೊಬ್ಬ ರೈತರ ಮನೆಗೂ ಹೋಗಿ ಕ್ಷಮೆ ಕೇಳಿದ್ದರು.

ಗಳಗನಾಥದಲ್ಲಿ ಹೊಳೆದಂಡೆಗೆ ಡೀಸೆಲ್ ಎಂಜಿನ್ ಬದಲು ಸೌರ ಪಂಪ್ ಹಾಕಿಸಿದ್ದೆವು. ಅದರ ಉಸ್ತುವಾರಿ ರೈತ ತಿರಕಪ್ಪ ಅವರದು. ಕಳೆದ ತಿಂಗಳ ಸಭೆಯಲ್ಲಿ ಮನೋಹರ ಅವರು, ಇದು ಸಂಸ್ಥೆಯದಲ್ಲ, ನಿಮ್ಮದು, ಮನೆಯ ಎತ್ತನ್ನು ಕಾಯ್ದಂತೆ ಕಾಯಬೇಕು ಎಂದು ಹೇಳಿದ್ದರು. ತಿರಕಪ್ಪ ತಲೆಯಾಡಿಸಿದ್ದನ್ನು ನಾನು ನೋಡಿದ್ದೇನೆ.

ದಿನಾಂಕ 1-8-2024ರ ಮಧ್ಯಾಹ್ನ ನಾವಿಬ್ಬರೂ ಸೌರ ನೀರಾವರಿ ನಿಯಮಗಳ ಸಭೆಗೆಂದು ಬೆಂಗಳೂರಿನ ರೈಲು ಹಿಡಿಯಬೇಕಿತ್ತು. ಬೆಳಿಗ್ಗೆ ತಿರಕಪ್ಪನವರ ಹೆಂಡತಿ ಫಕ್ಕೀರವ್ವ ಫೋನ್ ಮಾಡಿ, ಹೊಳೆ ಏರುತ್ತಿದೆ, ಗಂಡ ಪಂಪ್ ಬಿಚ್ಚಲು ಹೋಗಿದ್ದಾನೆ, ನನ್ನ ಮಾತು ಕೇಳುತ್ತಿಲ್ಲ ಎಂದು ತಿಳಿಸಿದರು. ನಾವು ಸಂಸ್ಥೆಯ ಜೀಪಿನಲ್ಲಿ ಹೊರಟೆವು. ದಾರಿಯಲ್ಲಿ ಅವರು ಸಭೆಯ ವಿಷಯ ಒಮ್ಮೆಯೂ ಎತ್ತಲಿಲ್ಲ. ನಾಷ್ಟಾ ಆಯಿತೇ ಎಂದು ಮಾತ್ರ ಕೇಳಿದರು.

ನಾವು ತಲುಪಿದಾಗ ಹನ್ನೊಂದು ಗಂಟೆ. ತಿರಕಪ್ಪ ಎದೆಮಟ್ಟದ ನೀರಿನಲ್ಲಿ, ದಂಡೆಯಿಂದ ಸುಮಾರು ಮೂವತ್ತು ಅಡಿ ದೂರದಲ್ಲಿ ಇದ್ದರು. ಪಂಪಿಗೆ ಕಟ್ಟಿದ ಹಗ್ಗ ಅವರ ಕಾಲಿಗೆ ಸುತ್ತಿಕೊಂಡಿದೆಯೆಂದು ದಂಡೆಯಲ್ಲಿ ಸೇರಿದ್ದ ಊರವರು ಹೇಳಿದರು. ಮನೋಹರ ಅವರು ದಂಡೆಯಿಂದ ಕೂಗಿ ಹೇಳಿದರು: "ತಿರಕಪ್ಪಾ, ಪಂಪ್ ಹೋದ್ರ ಹೋಗಲಿ, ಇನ್ನೊಂದು ಬರತೈತಿ. ಬಿಟ್ಟು ಮ್ಯಾಲೆ ಬಾ." ತಿರಕಪ್ಪನಿಗೆ ಬರಲಾಗಲಿಲ್ಲ.

ಅಗ್ನಿಶಾಮಕದವರಿಗೆ ಹೇಳಿಯಾಗಿದೆ, ಕಾಯೋಣ ಎಂದೆ. ಮನೋಹರ ಅವರು ಕನ್ನಡಕ, ಮೊಬೈಲ್ ತೆಗೆದು ನನ್ನ ಕೈಗೆ ಕೊಟ್ಟು, "ನನ್ನ ಮಾತು ಕೇಳಿ ಇಳದಾನ್ರಿ ಅವ" ಎಂದರು. ಊರವರು ಅವರ ನಡುವಿಗೆ ಹಗ್ಗ ಕಟ್ಟಿದರು. ಮನೋಹರ ಅವರು ಕತ್ತಿ ಹಿಡಿದು ಇಳಿದು, ತಿರಕಪ್ಪನ ಕಾಲಿನ ಹಗ್ಗ ಕೊಯ್ದರು. ತಿರಕಪ್ಪ ಸೋತಿದ್ದರು. ಮನೋಹರ ಅವರು ತಮ್ಮ ನಡುವಿನ ಹಗ್ಗ ಬಿಚ್ಚಿ ಅವರಿಗೆ ಕಟ್ಟಿ, ಎಳೆಯಿರಿ ಎಂದು ಕೈ ಮಾಡಿದರು. ನಾವೆಲ್ಲ ಸೇರಿ ಎಳೆದೆವು. ತಿರಕಪ್ಪ ದಂಡೆಗೆ ಬಂದರು. ಹಗ್ಗ ಮತ್ತೆ ಎಸೆಯುವಷ್ಟರಲ್ಲಿ ಪಂಪ್ ಕಿತ್ತುಹೋಗಿ, ಅದನ್ನು ಹಿಡಿದಿದ್ದ ಮನೋಹರ ಅವರು ಅದರೊಂದಿಗೆ ಹೋದರು.

ಮರುದಿನ ಮಧ್ಯಾಹ್ನ ಮೀನುಗಾರ ಮಹಮ್ಮದ್ ಹನೀಫ್ ಅವರು ನಾಲ್ಕು ಕಿ.ಮೀ. ಕೆಳಗೆ ಜಾಲಿಗಿಡಗಳಲ್ಲಿ ಸಿಕ್ಕಿದ್ದ ಶವ ಕಂಡು ತಿಳಿಸಿದರು. ನಾನು ಹೋಗಿ ಗುರುತಿಸಿದೆ. ಹನೀಫ್ ತಮ್ಮ ಟವೆಲ್ ತೆಗೆದು ಮುಖಕ್ಕೆ ಹೊದಿಸಿದ್ದರು.

ತಿರಕಪ್ಪನ ಹಟದಿಂದಲೇ ತಮ್ಮ ಸತ್ತನೆಂದು ಮೃತರ ಅಣ್ಣ ನಾಗಪ್ಪ ದೂರು ಕೊಟ್ಟಿರುವುದು ತಿಳಿಯಿತು. ಅವರ ದುಃಖ ನನಗೆ ಅರ್ಥವಾಗುತ್ತದೆ. ಆದರೆ ಮನೋಹರ ಅವರನ್ನು ಯಾರೂ ಕರೆಯಲಿಲ್ಲ, ಯಾರೂ ದೂಡಲಿಲ್ಲ. ತಾವಾಗಿ ಇಳಿದರು. ನನಗೆ ಯಾರ ಮೇಲೂ ಸಂಶಯವಿಲ್ಲ.

ಶವ ಸಿಗುವವರೆಗೂ ತಿರಕಪ್ಪ ಮನೆಗೆ ಹೋಗದೆ ದಂಡೆಯಲ್ಲೇ ಕುಳಿತಿದ್ದರು. ನನ್ನನ್ನು ನೋಡಿ, "ನಾ ಉಳಿದದ್ದು ತಪ್ಪಾತೇನ್ರಿ, ಅಕ್ಕಾರ?" ಎಂದು ಕೇಳಿದರು. ಆಗ ನನಗೆ ಬಾಯಿ ಬರಲಿಲ್ಲ. ತಪ್ಪಲ್ಲ ಎಂದು ಈಗ ಹೇಳುತ್ತಿದ್ದೇನೆ. ಇದನ್ನೂ ಬರೆದುಕೊಂಡು, ಅವರಿಗೆ ಓದಿ ಹೇಳಬೇಕೆಂದು ಕೋರುತ್ತೇನೆ.

ನಾನು ಹೇಳಿದಂತೆಯೇ ಬರೆಯಲಾಗಿದೆ. ಓದಿಸಿ ಕೇಳಿದ್ದೇನೆ, ನಿಜವಿದೆ.

ಸ್ಥಳ: ಹಾವೇರಿ
ದಿನಾಂಕ: 3-8-2024
ಸಹಿ: ಅರುಣಾ